ನಿಮಗಿದು ಗೊತ್ತೇ? ಕೀಲಿಮಣೆಯಲ್ಲಿ ಕುಟ್ಟಬೇಕಾದ ಹೆಸರುಗಳು

ಕಾದಂಬರಿಕಾರ ತನ್ನ ಪಾತ್ರಕ್ಕೆ ಎಂಥ ಹೆಸರಿಟ್ಟರೂ ಓದುಗ ಓದಿಕೊಂಡು ಮುಂದೆ ಹೋಗುತ್ತಾನೆ. ರಷ್ಯನ್ ಕಾದಂಬರಿಗಳ ಮೊಳದುದ್ದದ ಹೆಸರುಗಳನ್ನು ಮೊದಲಕ್ಷರ ನೋಡಿ ದಾಟಿಸಿದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಇಂಟರಾಕ್ಟಿವ್ ಫಿಕ್ಷನ್ನಿನಲ್ಲಿ ಆ ಸವಲತ್ತಿಲ್ಲ. ಅಲ್ಲಿ ಕಥೆ ಪರದೆಯ ಮೇಲೆ ತುಣುಕು ತುಣುಕಾಗಿ ಬರುತ್ತದೆ. ಮುಂದೇನು ಮಾಡಬೇಕು, ಯಾರನ್ನು ಏನು ಕೇಳಬೇಕು ಎಂಬುದನ್ನು ಓದುಗನೇ ಟೈಪ್ ಮಾಡಿ ಹೇಳಬೇಕು. ಹೆಸರನ್ನು ಅವನ ಬೆರಳು ಬರೆಯಬೇಕು, ಯಂತ್ರ ಗುರುತು ಹಿಡಿಯಬೇಕು. ಈ ಎರಡು ಷರತ್ತುಗಳು ನಾಮಕರಣಕ್ಕೆ ತಂದ ಫಜೀತಿಗಳು ಒಂದೆರಡಲ್ಲ.

★ ಈ ಪ್ರಕಾರದ ಮೊದಲ ಆಟ ಎನಿಸಿಕೊಂಡ ‘ಅಡ್ವೆಂಚರ್’ನಲ್ಲಿ ನಾಯಕನಿಗೆ ಹೆಸರೇ ಇಲ್ಲ ಎಂಬುದು ಗೊತ್ತೇ? 1970ರ ದಶಕದ ನಡುವಿನಲ್ಲಿ ಅಮೆರಿಕದ ವಿಲ್ ಕ್ರೌದರ್, ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತಾನು ತೆವಳಿ ನೋಡಿದ್ದ ಜಾಗಗಳನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಬರೆದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದ. ಗುಹೆಯೊಳಗೆ ಕುಳ್ಳರಿದ್ದಾರೆ, ಕಡಲ್ಗಳ್ಳನಿದ್ದಾನೆ, ಕರಡಿಯಿದೆ, ಯಾರಿಗೂ ಹೆಸರಿಲ್ಲ. ಆಡುವವನು ಬರೀ ‘ನೀವು’. ಆಟದ ಕಡತಕ್ಕೂ ಪೂರ್ತಿ ಹೆಸರು ದಕ್ಕಲಿಲ್ಲ. ಅದು ಓಡುತ್ತಿದ್ದ ಪಿಡಿಪಿ-10 ಯಂತ್ರದಲ್ಲಿ ಕಡತದ ಹೆಸರು ರೋಮನ್ ಲಿಪಿಯ ಆರು ಅಕ್ಷರ ಮೀರುವಂತಿರಲಿಲ್ಲ. ಹಾಗಾಗಿ ‘ಅಡ್ವೆಂಚರ್’ ಹೋಗಿ ‘ಅಡ್ವೆಂಟ್’ ಆಯಿತು.

★ ಅದೇ ಆಟ ಆಟಗಾರ ಕುಟ್ಟಿದ ಪದದ ಮೊದಲ ಐದು ಅಕ್ಷರವನ್ನಷ್ಟೇ ನೋಡುತ್ತಿತ್ತು. ಆ ಯಂತ್ರ ಒಮ್ಮೆಗೆ ಹಿಡಿಯುತ್ತಿದ್ದ 36 ಬಿಟ್‌ಗಳಲ್ಲಿ ಏಳೇಳು ಬಿಟ್‌ನ ಐದು ಅಕ್ಷರಕ್ಕೆ ಜಾಗ, ಅಷ್ಟೇ. ಈಶಾನ್ಯಕ್ಕೆ ಹೋಗೋಣವೆಂದು ‘ನಾರ್ತ್‌ಈಸ್ಟ್’ ಎಂದು ಪೂರ್ತಿ ಬರೆದವನು ನೆಟ್ಟಗೆ ಉತ್ತರಕ್ಕೆ ಹೋಗಿ ನಿಲ್ಲುತ್ತಿದ್ದ. 1978ರಲ್ಲಿ ಸ್ಕಾಟ್ ಆಡಮ್ಸ್ ಮನೆಬಳಕೆಯ ಪುಟ್ಟ ಕಂಪ್ಯೂಟರಿಗೆಂದು ಬರೆದ ‘ಅಡ್ವೆಂಚರ್‌ಲ್ಯಾಂಡ್’ ಇನ್ನೂ ಜಿಪುಣ. ಅದಕ್ಕೆ ಮೂರಕ್ಷರ ಸಾಕು.

★ ಈಗ ನಿಜವಾದ ಪಾತ್ರಗಳಿಗೆ ಬರೋಣ. 1979ರಲ್ಲಿ ಎಂಐಟಿಯ ಒಂದು ಗುಂಪು ಕಟ್ಟಿದ ಇನ್ಫೋಕಾಮ್ ಕಂಪನಿ ಈ ಪ್ರಕಾರಕ್ಕೆ ದೊಡ್ಡಮನೆಯಿದ್ದಂತೆ. ತನ್ನ ಆಟಗಳಿಗೆಂದೇ ಅದು ‘ಜೆಡ್-ಮಷೀನ್’ ಎಂಬ ಕಾಲ್ಪನಿಕ ಯಂತ್ರವೊಂದನ್ನು ರೂಪಿಸಿಕೊಂಡಿತ್ತು. ಆಟಕ್ಕೆ ಗೊತ್ತಿರುವ ಪದಗಳೆಲ್ಲ ಒಂದು ನಿಘಂಟಿನಲ್ಲಿರುತ್ತವೆ. ಪ್ರತಿ ಪದಕ್ಕೆ ನಾಲ್ಕು ಬೈಟ್; ಒಂದೊಂದು ಅಕ್ಷರಕ್ಕೆ ಐದು ಬಿಟ್; ಒಟ್ಟು ಆರಕ್ಷರ. ಅದರಾಚೆಗಿನದು ಕತ್ತರಿಗೆ. ಪರಿಣಾಮ ಏನು ಗೊತ್ತೇ? ರೋಮನ್ ಲಿಪಿಯಲ್ಲಿ ಬರೆದು ನೋಡಿ: ರಾಬರ್ಟ್ ಮತ್ತು ರಾಬರ್ಟಾ ಒಂದೇ ಮನೆಯಲ್ಲಿ ಇರುವಂತಿಲ್ಲ. ವಿಕ್ಟರ್ ಇದ್ದರೆ ವಿಕ್ಟೋರಿಯಾ ಬರುವಂತಿಲ್ಲ. ಕ್ರಿಸ್ಟೀನಾಳನ್ನು ಪ್ರಶ್ನಿಸಲು ಹೋದರೆ ಕ್ರಿಸ್ಟೋಫರ್ ಉತ್ತರ ಕೊಟ್ಟಾನು. ಮೊದಲ ಆರಕ್ಷರ ಒಂದೇ ಆದ ಮೇಲೆ ಯಂತ್ರದ ಪಾಲಿಗೆ ಇಬ್ಬರೂ ಒಬ್ಬರೇ.

★ 1982ರಲ್ಲಿ ಇದೇ ಕಂಪನಿಯ ಮಾರ್ಕ್ ಬ್ಲ್ಯಾಂಕ್ ‘ಡೆಡ್‌ಲೈನ್’ ಎಂಬ ಕೊಲೆಯ ಕಥೆ ತಂದ. ಸತ್ತವನು ಶ್ರೀಮಂತ ಮಾರ್ಷಲ್ ರಾಬ್ನರ್. ಹೆಂಡತಿ ಲೆಸ್ಲಿ, ಮಗ ಜಾರ್ಜ್, ವ್ಯಾಪಾರದ ಪಾಲುದಾರ ಬ್ಯಾಕ್ಸ್‌ಟರ್, ಕಾರ್ಯದರ್ಶಿ ಡನ್‌ಬಾರ್, ತೋಟದ ಮ್ಯಾಕ್‌ನ್ಯಾಬ್, ಮನೆವಾರ್ತೆಯ ರೂರ್ಕ್, ವಕೀಲ ಕೋಟ್ಸ್. ಈ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಅಕ್ಷರ ಎಣಿಸಿ. ಲೆಸ್ಲಿ ಆರು. ಜಾರ್ಜ್ ಆರು. ಬ್ಯಾಕ್ಸ್‌ಟರ್, ಡನ್‌ಬಾರ್, ಮ್ಯಾಕ್‌ನ್ಯಾಬ್, ರೂರ್ಕ್, ಕೋಟ್ಸ್, ಮನೆತನದ ಹೆಸರಾದ ರಾಬ್ನರ್ ಕೂಡ ಆರಾರೇ! ಆರು ದಾಟಿದ್ದು ಮಾರ್ಷಲ್ ಒಬ್ಬನೇ, ಅವನು ಹೇಗೂ ಹೆಣ, ಅವನನ್ನು ಕೂಗಿ ಮಾತಾಡಿಸುವವರಿಲ್ಲ. ಇದು ಕಾಕತಾಳೀಯ ಎಂದರೆ ಒಪ್ಪಲು ನನಗಂತೂ ಮನಸ್ಸಿಲ್ಲ. ಕತ್ತರಿ ಎಲ್ಲಿ ಬೀಳುತ್ತದೆಂದು ತಿಳಿದವನು ಬಟ್ಟೆಯನ್ನು ಅದೇ ಅಳತೆಗೆ ತಂದಿದ್ದಾನೆ.

★ ಹೆಸರಿಡುವುದರಲ್ಲಿ ನನ್ನ ಮಟ್ಟಿಗೆ ಪದಕ ಸಲ್ಲಬೇಕಾದದ್ದು ಮೈಕೆಲ್ ಬರ್ಲಿನ್ 1983ರಲ್ಲಿ ಬರೆದ ‘ಸಸ್ಪೆಂಡೆಡ್’ಗೆ. ಇಲ್ಲಿ ಆಟಗಾರ ನೆಲದಡಿಯ ಪೆಟ್ಟಿಗೆಯೊಂದರಲ್ಲಿ ಅಲ್ಲಾಡಲಾಗದೆ ಮಲಗಿದ್ದಾನೆ. ಆರು ರೋಬಾಟ್‌ಗಳೇ ಅವನ ಕಣ್ಣು, ಕಿವಿ, ಕೈ. ಕಣ್ಣಾಗಿರುವುದು ಐರಿಸ್, ಎಂದರೆ ಕಣ್ಣಿನ ಬಣ್ಣದ ಬಳೆ. ಕಿವಿಯಾಗಿರುವುದು ಔಡಾ. ಕಂಪನ, ಕಾಂತಕ್ಷೇತ್ರಗಳನ್ನು ಹಿಡಿಯುವುದು ಸೆನ್ಸಾ. ಬಿಚ್ಚುವ ಜೋಡಿಸುವ ಕೈಕೆಲಸಕ್ಕೆ ವಾಲ್ಡೋ. ಗ್ರಂಥಾಲಯದ ಕಂಪ್ಯೂಟರಿನಿಂದ ಮಾಹಿತಿ ತರುವ ಬುದ್ಧಿವಂತ ವಿಜ್. ಇನ್ನೊಬ್ಬ ಪೋಯೆಟ್, ಹೆಸರಿಗೆ ತಕ್ಕಂತೆ ಏನು ಕೇಳಿದರೂ ಒಗಟಾಗಿ ಉತ್ತರಿಸುವವನು. ಯಾವ ಹೆಸರೂ ಐದಕ್ಷರ ದಾಟುವುದಿಲ್ಲ. ಇಬ್ಬರ ಮೊದಲಕ್ಷರವಂತೂ ಒಂದೇ ಆಗಿರಬಾರದೇ ಎಂದು ಹುಡುಕಿದರೆ ವಾಲ್ಡೋ, ವಿಜ್ ಮಾತ್ರ ಸಿಗುತ್ತಾರೆ. ಆಟಗಾರ ದಿನವಿಡೀ ‘ಐರಿಸ್, ಗೋ ಈಸ್ಟ್’ ಎಂಬಂಥ ಅಪ್ಪಣೆಗಳನ್ನೇ ಕುಟ್ಟುತ್ತಿರಬೇಕಾದ ಆಟ ಇದು. ಅಲ್ಲಿ ಹೆಸರು ಚಿಕ್ಕದಾದಷ್ಟೂ ಬೆರಳಿಗೆ ಪುಣ್ಯ, ಹೆಸರೇ ಕೆಲಸ ಹೇಳಿಬಿಟ್ಟರೆ ನೆನಪಿಗೂ ಪುಣ್ಯ.

★ ವಾಲ್ಡೋ ಎಂಬ ಹೆಸರು ಬರ್ಲಿನ್ ಹುಟ್ಟಿಸಿದ್ದಲ್ಲ. ರಾಬರ್ಟ್ ಹೈನ್‌ಲೈನ್ 1942ರಲ್ಲಿ ಇದೇ ಹೆಸರಿನ ಕಥೆ ಬರೆದಿದ್ದ. ಅದರಲ್ಲಿ ದೂರದಿಂದಲೇ ಆಡಿಸುವ ಯಾಂತ್ರಿಕ ಕೈಗಳ ವರ್ಣನೆ ಬಂತು. ಆಮೇಲೆ ಅಂಥ ನಿಜವಾದ ಯಂತ್ರಗಳನ್ನೂ ಜನ ‘ವಾಲ್ಡೋ’ ಎಂದೇ ಕರೆಯತೊಡಗಿದರು.

★ ಇಡೀ ಪ್ರಕಾರದಲ್ಲೇ ಅತಿ ಹೆಚ್ಚು ಕಣ್ಣೀರು ಹಾಕಿಸಿದ ಹೆಸರು? ಫ್ಲಾಯ್ಡ್. ಸ್ಟೀವ್ ಮೆರೆಟ್‌ಸ್ಕಿ 1983ರಲ್ಲಿ ಬರೆದ ‘ಪ್ಲಾನೆಟ್‌ಫಾಲ್’ನ ತುಂಟ ರೋಬಾಟ್ ಅದು. ಆಟಗಾರನಿಗಾಗಿ ಪ್ರಾಣ ಕೊಡುತ್ತದೆ. ಅದೇ ಆಟದ ಬೈಗುಳಪ್ರಿಯ ಮೇಲಧಿಕಾರಿಯ ಹೆಸರು ಬ್ಲಾದರ್, ಅಂದರೆ ‘ಬಡಬಡಿಕೆ’. ಒಬ್ಬನಿಗೆ ಪಕ್ಕದ ಮನೆಯ ಹುಡುಗನ ಹೆಸರು, ಇನ್ನೊಬ್ಬನಿಗೆ ಅಡ್ಡಹೆಸರು. ಯಾರನ್ನು ಪ್ರೀತಿಸಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು.

★ ‘ಮಿಸ್ಟರ್’ ಎಂದು ಗೌರವ ಕೊಡಲು ಹೋದರೆ ಆಟ ಕೆಟ್ಟೀತು, ಗೊತ್ತೇ? ಆಟಗಾರನ ಅಪ್ಪಣೆಯನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಪೂರ್ಣವಿರಾಮ ಕಂಡರೆ ಒಂದು ಅಪ್ಪಣೆ ಮುಗಿಯಿತು, ಇನ್ನೊಂದು ಶುರು ಎಂದು ಅದರ ಲೆಕ್ಕ. ಇಂಗ್ಲಿಷಿನಲ್ಲಿ ಮಿಸ್ಟರನ್ನೂ ಡಾಕ್ಟರನ್ನೂ ಎರಡಕ್ಷರಕ್ಕೆ ಮೊಟಕುಗೊಳಿಸಿ ಚುಕ್ಕಿ ಇಡುವುದು ರೂಢಿ. ಪಾರ್ಸರ್ ಆ ಚುಕ್ಕಿಗೆ ವಾಕ್ಯ ಮುರಿದು, ಮಿಕ್ಕ ಉಪನಾಮವನ್ನು ಹೊಸ ಕ್ರಿಯಾಪದವೆಂದು ತಿಳಿದು ತಬ್ಬಿಬ್ಬಾಗುತ್ತದೆ. ಇನ್‌ಫಾರ್ಮ್ ಎಂಬ ಜನಪ್ರಿಯ ಬರವಣಿಗೆ ಸಾಧನಕ್ಕೆ ಎಮಿಲಿ ಶಾರ್ಟ್ ಎಂಬ ಲೇಖಕಿ ಈ ಚುಕ್ಕಿಗಳನ್ನು ಒರೆಸುವುದಕ್ಕೆಂದೇ ಒಂದು ಪುಟ್ಟ ಪೂರಕ ಬರೆದುಕೊಟ್ಟರು.

★ ಹೆಸರೂ ಪದವೂ ಒಂದೇ ಆದರೆ ಇನ್ನೊಂದು ತಂಟೆ. ಇಂಗ್ಲಿಷಿನಲ್ಲಿ ವಿಲ್, ಮಾರ್ಕ್, ರೋಸ್, ಬಿಲ್, ಗ್ರಾಂಟ್ ಎಲ್ಲ ಹೆಸರುಗಳೂ ಹೌದು, ದಿನಬಳಕೆಯ ಪದಗಳೂ ಹೌದು. (ಪ್ರಕಾರದ ಮೂಲಪುರುಷನ ಹೆಸರೇ ವಿಲ್!) ನಮ್ಮಲ್ಲಿ ಇದರ ಕಷ್ಟ ಇನ್ನೂ ಜಾಸ್ತಿ, ಏಕೆಂದರೆ ನಮ್ಮ ಅರ್ಧ ಹೆಸರುಗಳು ವಸ್ತುಗಳೇ. ಗುಹೆಯ ಆಟ ಎಂದ ಮೇಲೆ ಕೈಯಲ್ಲೊಂದು ದೀಪ ಇರಲೇಬೇಕು. ಜೊತೆಗೆ ಬಂದ ಗೆಳತಿಯ ಹೆಸರು ದೀಪಾ ಆಗಿದ್ದು, ಅವಸರದಲ್ಲಿ ಆಟಗಾರ ದೀರ್ಘ ಬಿಟ್ಟು ‘ದೀಪ ಹಚ್ಚು’ ಎಂದು ಕುಟ್ಟಿದರೆ ಒಳ್ಳೆಯ ಪಾರ್ಸರ್ ‘ಯಾರನ್ನು?’ ಎಂದು ಕೇಳೀತು. ಕೆಟ್ಟದ್ದು ಕೇಳದೆಯೇ ಹಚ್ಚೀತು.

★ ‘ನೀವು’ ಎಂಬ ನಾಯಕ ಹುಟ್ಟಿದ್ದು ಕಂಪ್ಯೂಟರಿನ ಹೊರಗೆ, ಮಕ್ಕಳ ಮಲಗುವ ಕೋಣೆಯಲ್ಲೂ ಹೌದು. ಎಡ್ವರ್ಡ್ ಪ್ಯಾಕರ್ಡ್ ಎಂಬ ಅಮೆರಿಕದ ವಕೀಲರು ರಾತ್ರಿ ಹೆಣ್ಣುಮಕ್ಕಳಿಗೆ ಪೀಟ್ ಎಂಬ ಹುಡುಗನ ಕಥೆ ಹೇಳುತ್ತಿದ್ದರು. ಒಂದು ದಿನ ಕಥೆ ಮುಂದಕ್ಕೆ ಹೋಗಲಿಲ್ಲ. ಪೀಟ್ ಈಗ ಏನು ಮಾಡಬೇಕು ಎಂದು ಮಕ್ಕಳನ್ನೇ ಕೇಳಿದರು; ಒಬ್ಬೊಬ್ಬಳು ಒಂದೊಂದು ದಾರಿ ಹೇಳಿದಳು. ಪುಸ್ತಕ ಬರೆಯುವಾಗ ಪೀಟ್ ಮಾಯವಾಗಿ ಆ ಜಾಗದಲ್ಲಿ ‘ನೀನು’ ಬಂದು ಕೂತಿದ್ದ. 1969ರಲ್ಲಿ ಬರೆದ ಆ ‘ಶುಗರ್‌ಕೇನ್ ಐಲ್ಯಾಂಡ್’ ಅಚ್ಚಾಗಲು 1976ರವರೆಗೆ ಕಾಯಬೇಕಾಯಿತು. 1979ರಿಂದ ಈ ಬಗೆಯ ಕಥೆ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಮಾಲೆಯಾಗಿ ಲೋಕವೆಲ್ಲ ಹರಡಿತು. ಪೀಟ್‌ನನ್ನು ತೆಗೆಯದೇ ಇದ್ದಿದ್ದರೆ ಓದುವ ಹುಡುಗಿಯರು ತಮ್ಮನ್ನು ಆ ಕಥೆಯೊಳಗೆ ಕಾಣುತ್ತಿದ್ದರೇ ಎಂಬುದು ನನ್ನ ಅನುಮಾನ.

★ ಆಟಗಾರನ ಹೆಸರನ್ನೇ ಕೇಳಿ ಪಡೆದ ಆಟಗಳೂ ಉಂಟು. ಇನ್ಫೋಕಾಮ್‌ನ ‘ಮೂನ್‌ಮಿಸ್ಟ್’ (1986) ಇಂಗ್ಲೆಂಡಿನ ಕಾರ್ನ್‌ವಾಲ್ ಕೋಟೆಯ ಬಾಗಿಲಲ್ಲೇ ನಿಮ್ಮ ಬಿರುದು, ಹೆಸರು ಕೇಳುತ್ತದೆ. ಮಿಸ್ಟರೋ ಮಿಸ್ಸೋ ಎಂಬುದರ ಮೇಲೆ ನೀವು ಗಂಡೋ ಹೆಣ್ಣೋ ಎಂದು ತಿಳಿದುಕೊಳ್ಳುತ್ತದೆ.

ಅದೇ ವರ್ಷದ ಮೆರೆಟ್‌ಸ್ಕಿಯ ಇನ್ನೊಂದು ಪೋಲಿ ಹಾಸ್ಯದ ಆಟಕ್ಕೆ ಕೇಳುವ ದಾಕ್ಷಿಣ್ಯವೂ ಇಲ್ಲ. ಮೊದಲ ದೃಶ್ಯ ಒಂದು ಬಾರ್. ಗಂಡಸರ ಶೌಚಾಲಯಕ್ಕೆ ಹೋದಿರೋ ಹೆಂಗಸರದ್ದಕ್ಕೋ ನೋಡಿಕೊಂಡು ಆಟ ನಿರ್ಧರಿಸುತ್ತದೆ. ಅದಕ್ಕೆ ತಕ್ಕಂತೆ ಜೊತೆಗಾರನ ಹೆಸರೂ ಬದಲು: ಟ್ರೆಂಟ್, ಇಲ್ಲವೇ ಟಿಫನಿ.

ಲೇಖಕ ಡಗ್ಲಸ್ ಆಡಮ್ಸ್ ಹೆಸರಿನಲ್ಲಿ 1987ರಲ್ಲಿ ಬಂದ ‘ಬ್ಯೂರಾಕ್ರಸಿ’ ಎಲ್ಲಕ್ಕಿಂತ ಕಿಲಾಡಿ. ಶುರುವಿನಲ್ಲೇ ಒಂದು ಫಾರಂ ಕೊಟ್ಟು ಹೆಸರು, ವಿಳಾಸ ಎಲ್ಲ ತುಂಬಿಸಿಕೊಳ್ಳುತ್ತದೆ. ಆಮೇಲೆ ನೀವು ಕೊಟ್ಟ ಮಾಹಿತಿಯಿಂದಲೇ ನಿಮ್ಮನ್ನು ಗೋಳಾಡಿಸುತ್ತದೆ. ತಾಲ್ಲೂಕು ಕಚೇರಿ ಕಂಡವರಿಗೆ ಕಲ್ಪನೆಯ ಆಟ ಅನಿಸಲಿಕ್ಕಿಲ್ಲ.

★ ಹೆಸರಿನ ಮೇಲೆ ಹಣೆಬರಹ ನಿರ್ಧಾರವಾಗುವ ಆಟವೂ ಇದೆ. ಜಪಾನಿನ ಯೂಜಿ ಹೋರಿಯ ‘ಡ್ರ್ಯಾಗನ್ ಕ್ವೆಸ್ಟ್’ (1986) ಆರಂಭದಲ್ಲಿ ಕಾನಾ ಎಂಬ ಜಪಾನಿ ಲಿಪಿಯ ನಾಲ್ಕು ಅಕ್ಷರದ ಹೆಸರು ಕೇಳುತ್ತದೆ. ಆ ಅಕ್ಷರಗಳನ್ನು ಒಳಗೊಳಗೇ ಕೂಡಿ, ನಾಯಕನ ಬಲ ಎಷ್ಟು, ಚುರುಕು ಎಷ್ಟು, ಮುಂದೆ ಹೇಗೆ ಬೆಳೆಯುತ್ತಾನೆ ಎಂಬುದನ್ನೆಲ್ಲ ಲೆಕ್ಕ ಹಾಕುತ್ತದೆ. ಸಂಖ್ಯಾಶಾಸ್ತ್ರಿಗಳು ಬೋರ್ಡಿನ ಮೇಲೆ ಹಾಕಿಕೊಳ್ಳುವುದನ್ನು ಈ ಆಟ ಸದ್ದಿಲ್ಲದೆ ಮಾಡಿ ತೋರಿಸಿತು.

★ ಅದೇ ಹೋರಿ 1983ರಲ್ಲಿ ‘ಪೋರ್ಟೋಪಿಯಾ’ ಎಂಬ ಕೊಲೆ ತನಿಖೆಯ ಆಟ ಬರೆದಿದ್ದರು. ತನಿಖಾಧಿಕಾರಿಯಾದ ಆಟಗಾರನಿಗೆ ಹೆಸರಿಲ್ಲ, ಮಾತಿಲ್ಲ. ಅವನ ಪರವಾಗಿ ಓಡಾಡುವವನು ಯಾಸು ಎಂಬ ಸಹಾಯಕ. ಕೊಲೆಗಾರ ಯಾರು ಎಂಬ ಗುಟ್ಟು ಜಪಾನಿನಲ್ಲಿ ಗಾದೆಯಷ್ಟು ಪ್ರಸಿದ್ಧವಾಗಿರುವುದರಿಂದ ಇಲ್ಲಿ ಹೇಳಿದರೆ ತಪ್ಪಿಲ್ಲ: ಯಾಸುವೇ! ಪ್ರತಿ ಅಪ್ಪಣೆಯನ್ನೂ ನಡೆಸಿಕೊಟ್ಟವನ ಹೆಸರು ಆಟಗಾರನಿಗೆ ಎಷ್ಟು ರೂಢಿಯಾಗಿರುತ್ತದೆಂದರೆ ಅನುಮಾನ ಅವನ ಕಡೆಗೆ ತಿರುಗುವುದೇ ಇಲ್ಲ.

★ ಹೆಸರು ಊಹಿಸುವುದೇ ಒಗಟಾದರೆ? ರಾಬರ್ಟಾ ವಿಲಿಯಮ್ಸ್ ಅವರ ‘ಕಿಂಗ್ಸ್ ಕ್ವೆಸ್ಟ್’ನಲ್ಲಿ (1984) ಒಬ್ಬ ಕುಳ್ಳ ತನ್ನ ಹೆಸರು ಹೇಳು ಎಂದು ಸವಾಲು ಹಾಕುತ್ತಾನೆ. ಗ್ರಿಮ್ ಸೋದರರ ಕಥೆ ಓದಿದವರು ‘ರಂಪಲ್‌ಸ್ಟಿಲ್ಟ್‌ಸ್ಕಿನ್’ ಎಂದು ಬರೆಯುತ್ತಾರೆ. ತಪ್ಪು. ಹಿಂದುಮುಂದಾಗಿ ಯೋಚಿಸು ಎಂಬ ಸುಳಿವು ಸಿಕ್ಕವರು ಹೆಸರನ್ನು ತಿರುವಿ ಬರೆಯುತ್ತಾರೆ. ಅದೂ ತಪ್ಪು! ತಿರುಗಿಸಬೇಕಾದದ್ದು ವರ್ಣಮಾಲೆಯನ್ನು. ಮೊದಲ ಅಕ್ಷರಕ್ಕೆ ಕೊನೆಯದು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ ಹದಿನೈದು ಅಕ್ಷರವನ್ನೂ ಬದಲಿಸಿದಾಗ ನಾಲಿಗೆ ಹೊರಳದ ಒಂದು ಹೆಸರು ಹುಟ್ಟುತ್ತದೆ. ಅದೇ ಉತ್ತರ. ಸಿಗುವ ಬಹುಮಾನ ಮಾಯಾ ಅವರೆಕಾಳು. ಪಟ್ಟ ಪಾಡಿಗೆ ಸಾಲದು ಅನಿಸುತ್ತದೆ.

★ ಮಾತಾಡುವ ಯಂತ್ರಪಾತ್ರಗಳಲ್ಲಿ ಬಹಳ ಹೆಸರುವಾಸಿಯಾದ ಇಬ್ಬರು ಒಂದೇ ಪುರಾಣದ ಕೂಸುಗಳು ಎಂಬುದು ಗೊತ್ತೇ? ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಸಂಭಾಷಣೆಯ ಪ್ರೋಗ್ರಾಮಿಗೆ ‘ಎಲೈಜಾ’ ಎಂದು ಹೆಸರಿಟ್ಟರು. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುತ್ತಿದ್ದು, ಆಮೇಲೆ ನಯವಾಗಿ ಮಾತಾಡಲು ಕಲಿಯುವ ಎಲೈಜಾ ಡೂಲಿಟಲ್‌ಳ ಹೆಸರದು. 2000ದಲ್ಲಿ ಎಮಿಲಿ ಶಾರ್ಟ್ ‘ಗಲಟಿಯಾ’ ಬರೆದರು. ಜೀವ ತಳೆದ ಶಿಲ್ಪದೊಂದಿಗೆ ಮಾತಾಡುವುದೇ ಇಡೀ ಆಟ. ಹೇಗೆ ಮಾತಾಡಿಸುತ್ತೀರಿ ಎಂಬುದರ ಮೇಲೆ ಹತ್ತಾರು ಬಗೆಯ ಮುಕ್ತಾಯ. ಗ್ರೀಕ್ ಪುರಾಣದಲ್ಲಿ ಶಿಲ್ಪಿ ಪಿಗ್ಮೇಲಿಯನ್ ಕಡೆದು ಮೋಹಿಸಿದ ಬೊಂಬೆ ಅವಳು. ಸ್ವಾರಸ್ಯ ಇಲ್ಲಿದೆ: ಈ ಕಥೆ ಹೇಳಿದ ರೋಮನ್ ಕವಿ ಓವಿಡ್ ಬೊಂಬೆಗೆ ಹೆಸರೇ ಇಟ್ಟಿರಲಿಲ್ಲ. ಗಲಟಿಯಾ ಎಂಬ ಹೆಸರು ಅವಳಿಗೆ ಅಂಟಿ ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಕಡೆದವನಿಗೆ ಸಾವಿರಾರು ವರ್ಷಗಳ ಹೆಸರು, ಕಡೆಸಿಕೊಂಡವಳಿಗೆ ಮೊನ್ನೆ ಮೊನ್ನೆಯದು.

★ ಗ್ರಹಾಂ ನೆಲ್ಸನ್ 1995ರಲ್ಲಿ ಬರೆದ ‘ಜಿಗ್‌ಸಾ’ದಲ್ಲಿ ಒಂದು ಪ್ರೇಮವಿದೆ. ಆಟಗಾರನ ಪಾತ್ರ ‘ವೈಟ್’, ಎದುರಿನದು ‘ಬ್ಲ್ಯಾಕ್’. ಇಬ್ಬರೂ ಗಂಡೋ ಹೆಣ್ಣೋ ಎಂದು ಲೇಖಕ ಎಲ್ಲೂ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಈ ಆಟ ಬರೆಯಹೊರಟರೆ ಹೆಸರು ಗುಟ್ಟು ಕಾಯ್ದರೂ ಕ್ರಿಯಾಪದ ಕಾಯುವುದಿಲ್ಲ: ‘ಬಂದನು’, ‘ಬಂದಳು’ ಎಂದೊಡನೆ ಎಲ್ಲ ಬಯಲು. ಉಳಿದ ಒಂದೇ ದಾರಿ ‘ಬಂದರು’. ಪ್ರಣಯ ಪೂರ್ತಿ ಬಹುವಚನದಲ್ಲಿ ಸಾಗಿ, ಮುತ್ತು ಕೊಡುವಾಗಲೂ ‘ಅವರು’ ಎನ್ನಬೇಕು. ಹಳೆಯ ಕಾಲದ ದಂಪತಿಗಳಿಗೆ ಅದೇನೂ ವಿಚಿತ್ರ ಅನಿಸದಿರಬಹುದು.

★ ಕನ್ನಡದ ಮಾತು ಬಂತಲ್ಲ, ಒಂದು ಲೆಕ್ಕ ನೋಡಿ. ಜೆಡ್-ಮಷೀನಿನ ನಂತರದ ಆವೃತ್ತಿಗಳಲ್ಲಿ ನಿಘಂಟಿನ ಪದಕ್ಕೆ ಆರರ ಬದಲು ಒಂಬತ್ತು ಮನೆ. ಇಂಗ್ಲಿಷಿನ ಸಣ್ಣಕ್ಷರಕ್ಕೆ ಒಂದು ಮನೆ ಸಾಕು. ಯಂತ್ರದ ವರ್ಣಪಟ್ಟಿಯಲ್ಲಿಲ್ಲದ ಅಕ್ಷರಕ್ಕೆ ನಾಲ್ಕು ಮನೆ ಬೇಕು. ಪಟ್ಟಿ ಬದಲಿಸದೆ ಕನ್ನಡ ಲಿಪಿ ತುರುಕಿದರೆ ಒಂಬತ್ತರಲ್ಲಿ ಹಿಡಿಸುವುದು ಎರಡೇ ಚಿಹ್ನೆ. ಯೂನಿಕೋಡ್‌ನಲ್ಲಿ ‘ರಾ’ ಎಂದರೆ ರಕಾರ ಒಂದು, ಇಳಿ ಒಂದು. ಅಲ್ಲಿಗೆ ಜಾಗ ಮುಗಿಯಿತು. ರಾಧಾ, ರಾಜು, ರಾಮಯ್ಯ, ರಾಚಪ್ಪ ಎಲ್ಲರೂ ಬರೀ ‘ರಾ’! ಲೇಖಕ ತನ್ನದೇ ವರ್ಣಪಟ್ಟಿ ಕೊಡುವ ಅವಕಾಶ ಆ ಯಂತ್ರದಲ್ಲಿದೆ ಎಂಬುದೇ ಸಮಾಧಾನ.

ರೋಮನ್ ಲಿಪಿಯಲ್ಲಿ ಕನ್ನಡ ಕುಟ್ಟುವವರಿಗೆ ಇದೇ ಕತ್ತರಿ ವರವಾಗುವ ಸಂದರ್ಭವೂ ಇದೆ. ಇಂಗ್ಲಿಷಿನಲ್ಲಿ ಯಾರಿಗೆ ಕೊಟ್ಟರೂ ಯಾರನ್ನು ಕೇಳಿದರೂ ಹೆಸರು ಬದಲಾಗದು. ನಮ್ಮ ಹೆಸರಿಗೆ ವಿಭಕ್ತಿಯ ಬಾಲ ಇದ್ದೇ ಇರುತ್ತದೆ: ರಂಗಣ್ಣನ, ರಂಗಣ್ಣನನ್ನು, ರಂಗಣ್ಣನಿಗೆ. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಂಬತ್ತಕ್ಕೆ ಕತ್ತರಿಸಿ. ಮೂರೂ ಒಂದೇ ಆಗುತ್ತವೆ. ಬಾಲ ತಾನಾಗಿ ಉದುರಿತು. ಈ ಅನುಕೂಲ ಉದ್ದ ಹೆಸರಿನವರಿಗೆ ಮಾತ್ರ, ರವಿಗೂ ಉಮಾಗೂ ಇಲ್ಲ.

ಇನ್ನೊಂದು ತೊಡಕು ವ್ಯಾಕರಣದ್ದಲ್ಲ, ಮರ್ಯಾದೆಯದು. ನಮ್ಮ ಹಳ್ಳಿಯ ಕಥೆಯಲ್ಲಿ ಮೇಷ್ಟರನ್ನು ಯಾರು ಹೆಸರು ಹಿಡಿದು ಕೂಗುತ್ತಾರೆ? ಅಜ್ಜಿಗೆ ಹೆಸರೊಂದಿದೆ ಎಂಬುದೇ ಎಷ್ಟೋ ಮೊಮ್ಮಕ್ಕಳಿಗೆ ರೇಷನ್ ಕಾರ್ಡ್ ನೋಡಿದಾಗ ಗೊತ್ತಾಗುವ ಸಂಗತಿ. ಒಬ್ಬನೇ ಮನುಷ್ಯ ಒಬ್ಬರಿಗೆ ಶಾನುಭೋಗರು, ಒಬ್ಬರಿಗೆ ಮಾವ, ಒಬ್ಬರಿಗೆ ಕಿಟ್ಟಿ. ಅದೃಷ್ಟಕ್ಕೆ ಇನ್‌ಫಾರ್ಮ್‌ನಂಥ ಸಾಧನಗಳಲ್ಲಿ ಒಂದು ಪಾತ್ರಕ್ಕೆ ಬೇಕಾದಷ್ಟು ಹೆಸರು ಜೋಡಿಸಬಹುದು. ಪರಿಚಯವಾಗುವವರೆಗೆ ‘ಎತ್ತರದ ಮನುಷ್ಯ’ ಎಂದಿಟ್ಟು, ಪರಿಚಯದ ನಂತರ ಹೆಸರು ತೋರಿಸುವ ಏರ್ಪಾಡೂ ಇದೆ. ಇದನ್ನು ಮರೆತ ಲೇಖಕನ ಆಟದಲ್ಲಿ, ಕಥಾನಾಯಕನಿಗೆ ಇನ್ನೂ ಗೊತ್ತಿರದ ಹೆಸರನ್ನು ಆಟಗಾರ ಊಹಿಸಿ ಕುಟ್ಟಿದರೂ ಪಾತ್ರ ಓಗೊಟ್ಟುಬಿಡುತ್ತದೆ.

★ ಆಡಬೇಕೆಂದಿರುವವರು ಈ ಒಂದು ತುಣುಕನ್ನು ಹಾರಿಸಿ. ಆ್ಯಡಂ ಕೇಡರ್ 2000ದಲ್ಲಿ ಬರೆದ ‘9:05’ ಹತ್ತು ನಿಮಿಷದ ಆಟ. ಫೋನ್ ಬಡಿದುಕೊಳ್ಳುತ್ತದೆ; ಆ ಕಡೆಯವರು ‘ಹ್ಯಾಡ್ಲಿ’ ಎಂದು ಕೂಗಿ, ಕೆಲಸಕ್ಕೆ ತಡವಾಯಿತು ಎಂದು ಗದರುತ್ತಾರೆ. ಆಟಗಾರ ಎದ್ದು, ಸ್ನಾನ ಮಾಡಿ, ಕಚೇರಿಗೆ ಓಡುತ್ತಾನೆ. ಅಲ್ಲಿ ಬಯಲಾಗುತ್ತದೆ, ಅವನು ಹ್ಯಾಡ್ಲಿಯೇ ಅಲ್ಲ. ಹ್ಯಾಡ್ಲಿಯನ್ನು ಕೊಂದು ಅವನ ಮನೆಯಲ್ಲೇ ನಿದ್ದೆಹೋದ ಕಳ್ಳ! ಹೆಣ ಮಂಚದ ಕೆಳಗೇ ಇತ್ತು. ‘ನೀನು ಹ್ಯಾಡ್ಲಿ’ ಎಂದು ಕಥೆ ಎಲ್ಲೂ ಹೇಳಿರಲಿಲ್ಲ, ಯಾರೋ ಕೂಗಿದ ಹೆಸರಿಗೆ ನಾವೇ ಓಗೊಟ್ಟಿದ್ದೆವು.

★ ಇದೇ ಕೇಡರ್‌ನ ಇನ್ನೊಂದು ಆಟದಲ್ಲಿ ಅರಮನೆಯ ಒಳಸಂಚುಗಾರ ಮಂತ್ರಿಯ ಹೆಸರು ಪ್ರೀಮೋ ವ್ಯಾರಿಸೆಲ್ಲಾ. ವೈದ್ಯರನ್ನು ಕೇಳಿ, ಅದು ಸೀತಾಳೆ ಸಿಡುಬಿನ ಹೆಸರು.

★ 2007ರ ‘ಲಾಸ್ಟ್ ಪಿಗ್’ನ ನಾಯಕ ಗ್ರಂಕ್ ಕಳೆದುಹೋದ ಹಂದಿ ಹುಡುಕುವ ದಡ್ಡ ದೈತ್ಯ. ‘ನಾನು’ ಎಂಬುದು ಅವನ ನಾಲಿಗೆಗೆ ಬರುವುದಿಲ್ಲ, ತನ್ನ ಬಗ್ಗೆಯೂ ‘ಗ್ರಂಕ್’ ಎಂದೇ ಹೇಳಿಕೊಳ್ಳುತ್ತಾನೆ. ಮರುವರ್ಷದ ‘ವಯೊಲೆಟ್’ನಲ್ಲಿ ಇದರ ತದ್ವಿರುದ್ಧ. ಪ್ರಬಂಧ ಮುಗಿಸಲು ಒದ್ದಾಡುವ ವಿದ್ಯಾರ್ಥಿಗೆ ಹೆಸರಿಲ್ಲ. ಕಥೆ ಹೇಳುವ ಪ್ರೇಯಸಿ ಮುದ್ದಿನ ಮಾತುಗಳಿಂದಲೇ ಕರೆಯುತ್ತಾಳೆ, ನಾವು ಚಿನ್ನ, ಬಂಗಾರ, ಪುಟ್ಟ ಎನ್ನುವ ಹಾಗೆ. ಎರಡೂ ತಮ್ಮ ತಮ್ಮ ವರ್ಷದ ಇಂಟರಾಕ್ಟಿವ್ ಫಿಕ್ಷನ್ ಸ್ಪರ್ಧೆ ಗೆದ್ದವು.

★ ಕೊನೆಯದಾಗಿ, ಹೆಸರಿನಲ್ಲೇ ಕಥೆಯನ್ನು ಅಡಗಿಸಿಟ್ಟ ಆಟ: ಎಮಿಲಿ ಶಾರ್ಟ್ ಅವರ ‘ಕೌಂಟರ್‌ಫಿಟ್ ಮಂಕಿ’ (2012). ಪದದಿಂದ ಒಂದಕ್ಷರ ಕಿತ್ತರೆ ವಸ್ತುವೇ ಬದಲಾಗಿಬಿಡುವ ದ್ವೀಪ ಅದು, ಭಾಷೆಗೆ ಪೊಲೀಸರ ಕಾವಲಿರುವ ಜಾಗ. ಅಲ್ಲಿಂದ ತಪ್ಪಿಸಿಕೊಳ್ಳಲು ಇಬ್ಬರು ಒಂದೇ ದೇಹವಾಗಿ ಬೆಸೆದುಕೊಂಡಿದ್ದಾರೆ. ಆ ದೇಹದ ಹೆಸರು ಅಲೆಕ್ಸಾಂಡ್ರಾ. ಒಬ್ಬ ಅಲೆಕ್ಸ್, ಒಬ್ಬಳು ಆಂಡ್ರಾ.